ತೌಡಿಗೆ ಕೊಟ್ಟ ಮಗಳು

ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ಉಪ್ಪನ್ನು ಯಾರೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ ಎಂಬ ನಂಬಿಕೆ. ಉಪ್ಪಿನ ಮರಿಗೆಯನ್ನು ಕೇಳಿದವರ ಮುಂದೆ ನೆಲದ ಮೇಲಿಟ್ಟು ಕೈ ತೆಗೆಯಬೇಕು. ಅವರು ಆಮೇಲೆ ಎತ್ತಿಕೊಳ್ಳಬೇಕು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಗಾವಡಗೆರೆ ಕಡೆಯ ಈ ಒಕ್ಕಲು ಮನೆಗೆ ಬಂದ ಹೊಸತರಲ್ಲಿ ಇದನ್ನು ಕಂಡು ನನಗೆ ನಗು. ಉಪ್ಪು ಎಂದರೆ ನನಗೆ ನೆನಪಾಗುತ್ತಿದ್ದುದು ಹುಣಸೆ ಬೀಜ.

ನಮಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಸಿಸ್ಟರ್ ದೂರದೇಶದವರು. ಒಂದು ದಿನ ಅಡುಗೆಮನೆಯಿಂದ ಹುಣಸೆ ಬೀಜ ತರಿಸಿ ಮೇಜಿನ ಮೇಲೆ ಸುತ್ತುಸುತ್ತಾಗಿ ಜೋಡಿಸಿದರು. ನಡುವೆ ಒಂದು ತುಂಡು ಸೀಮೆಸುಣ್ಣ. ಅದು ಸೋಡಿಯಮ್ ಪರಮಾಣುವಿನ ನಡುಭಾಗ, ಅದರಲ್ಲಿರುವುದು ಧನ ವಿದ್ಯುತ್ತು. ಸುತ್ತಲಿನ ಬೀಜಗಳು ಎಲೆಕ್ಟ್ರಾನುಗಳು, ಅವುಗಳದು ಋಣ. ಎರಡೂ ಸಮಸಮವಾಗಿರುವ ತನಕ ಪರಮಾಣು ಯಾವ ಕಡೆಗೂ ವಾಲುವುದಿಲ್ಲ. ಆದರೆ ಸೋಡಿಯಮ್ಮಿನ ಹೊರಸುತ್ತಿನಲ್ಲಿ ಇರುವುದು ಒಂದೇ ಒಂದು ಬೀಜ. ಪಕ್ಕದಲ್ಲಿ ಜೋಡಿಸಿದ್ದ ಕ್ಲೋರಿನ್ನಿಗೆ ಹೊರಸುತ್ತಿನಲ್ಲಿ ಏಳು, ಎಂಟನೆಯದರ ಜಾಗ ಖಾಲಿ. ಸಿಸ್ಟರ್ ಆ ಒಂಟಿ ಬೀಜವನ್ನು ಕಿರುಬೆರಳಿನಿಂದ ತಳ್ಳಿಕೊಂಡು ಹೋಗಿ ಖಾಲಿ ಜಾಗದಲ್ಲಿ ಕೂರಿಸಿದರು. ಕೊಟ್ಟದ್ದರಲ್ಲಿ ಈಗ ಧನ ಹೆಚ್ಚಾಯಿತು, ಪಡೆದದ್ದರಲ್ಲಿ ಋಣ ಹೆಚ್ಚಾಯಿತು. ಹೀಗಾದ ಮೇಲೆ ಅವುಗಳಿಗೆ ಅಯಾನು ಎಂದು ಹೆಸರು. ಒಂದು ಇನ್ನೊಂದನ್ನು ಎಳೆದು ಹಿಡಿದುಕೊಂಡು ಉಪ್ಪಿನ ಹರಳಾಗುತ್ತವೆ.

ನಾನು ಎದ್ದು ಕೇಳಿದೆ: “ಉಪ್ಪನ್ನ ನೀರಿಗೆ ಹಾಕಿದ್ರೆ ಎರಡೂ ಬೇರೆ ಆಗ್ತಾವಲ್ಲ ಸಿಸ್ಟರ್, ಆಗ ಸೋಡಿಯಮ್ಮಿಗೆ ಅದರ ಎಲೆಕ್ಟ್ರಾನ್ ವಾಪಸು ಬರುತ್ತಾ?”

“ಇಲ್ಲ ಮಗು,” ಎಂದರು, ತಮ್ಮ ತೊದಲು ಕನ್ನಡದಲ್ಲಿ. “ಬೇರೆ ಬೇರೆ ಹೋಗ್ತದೆ. ಅದು ಮಾತ್ರ ಕ್ಲೋರಿನ್ ಹತ್ತಿರಾನೇ ಇರ್ತದೆ.”

“ಪಾಪ, ಸೋಡಿಯಮ್ಮು!” ಎಂದಳು ಹಿಂದಿನ ಬೆಂಚಿನವಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ.

ಮದುವೆಯಾದ ಮೇಲೆ ನನಗೆ ಹುಟ್ಟಿದ ಮೊದಲ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಮೂರನೆಯದು ಹೆಣ್ಣು. ಪುರುಡು ಕಳೆದ ಬೆಳಿಗ್ಗೆ ಅತ್ತೆ ಬಂದು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು.

“ಇದೂ ನಿಂದೇ ಅಂತ ಆ ವಿಧಿಗೆ ಗೊತ್ತಾಗ್ಕೂಡ್ದು ಕಣವ್ವ. ಮೊರ್ದಲ್ಲಿ ಮಡಗು. ದೊಡ್ಡೋಳು ತೌಡು ಕೊಟ್ಟು ಕೊಂಡ್ಕತಾಳೆ. ಇನ್ಮ್ಯಾಲೆ ಅವ್ಳೇ ಅವ್ವ, ನೀನು ಚಿಕ್ಕವ್ವ.”

ದೊಡ್ಡೋಳು ಎಂದರೆ ನಮ್ಮ ಭಾವನವರ ಹೆಂಡತಿ, ನನ್ನ ವಾರಗಿತ್ತಿ. ನಾನು ಅಕ್ಕ ಎಂದು ಕರೆಯುತ್ತಿದ್ದ ಆಕೆಗೆ ಮಕ್ಕಳಿರಲಿಲ್ಲ.

“ಎಲ್ಲೀವರೆಗೆ ಅತ್ತೆ?”

“ಹಾಲಲ್ಲು ಬೀಳೋಗಂಟ. ಬರೀ ನೆಪಕ್ಕೆ ಕಣವ್ವ. ಅಲ್ಲು ಬಿದ್ಮ್ಯಾಲೆ ನೀನೂ ಒಂದಿಡಿ ತೌಡು ಕೊಟ್ಟು ಇಸ್ಕೊ. ಯಾರು ಬ್ಯಾಡ ಅಂತಾರೆ?”

ಹಿತ್ತಿಲ ಬಾಗಿಲ ಹೊಸ್ತಿಲ ಹೊರಗೆ ಮೊರವಿಟ್ಟು ಕೂಸನ್ನು ಮಲಗಿಸಿದೆ. ಉಪ್ಪಿನ ಹಾಗೆಯೇ ಅದನ್ನೂ ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಅಕ್ಕ ಸೆರಗಿನಲ್ಲಿ ಕಟ್ಟಿ ತಂದಿದ್ದ ತೌಡನ್ನು ನನ್ನ ಮಡಿಲಿಗೆ ಸುರಿದು, ಬಗ್ಗಿ ಮಗುವನ್ನು ಎತ್ತಿಕೊಂಡರು. ಕೂಸಿನ ಹಿಮ್ಮಡಿಗೆ ಚೂರು ತೌಡಿನ ಪುಡಿ ಅಂಟಿಕೊಂಡಿತ್ತು. ಒರೆಸಬೇಕೆಂದು ಕೈ ಮುಂದೆ ಮಾಡಿದೆ, ಅಷ್ಟರಲ್ಲಿ ಅಕ್ಕನೇ ಸೆರಗಿನಿಂದ ಒರೆಸಿದರು.

ಹಾಲು ಕೊಡುವವಳು ನಾನೇ. “ಚಿಕ್ಕವ್ವಾ, ನನ್ ಮಗೀಗೆ ಒಸಿ ಹಾಲು ಕುಡ್ಸವ್ವಾ!” ಎಂದು ಅಕ್ಕ ಕೂಸನ್ನು ತಂದು ನನ್ನ ತೊಡೆಗೆ ಹಾಕುತ್ತಿದ್ದರು. ಹಾಗೆ ಹೇಳುವಾಗ ಮೊದಮೊದಲು ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ವಿಧಿಯ ಕಿವಿಗೆ ಬೀಳಲಿ ಎಂದು ಬೇಕಂತಲೇ ಗಟ್ಟಿಯಾಗಿ ಕೂಗುತ್ತಿದ್ದೆವು. ಆ ಮಾತಿನೊಳಗಿನ ನಗು ಯಾವಾಗ ನಿಂತುಹೋಯಿತೋ ನನಗೆ ತಿಳಿಯಲಿಲ್ಲ. ಅಕ್ಕನಿಗೂ ತಿಳಿದಿರಲಾರದು.

ಮಗು ಉಳಿಯಿತು. ದಡಾರ ಬಂತು, ಹೋಯಿತು. ಜ್ವರದ ತಾಪದಲ್ಲಿ ಅವಳು “ಅವ್ವಾ” ಎಂದು ನರಳಿದಾಗ ನಾನು ಒಲೆಯ ಮುಂದಿನಿಂದ ಎದ್ದೇ ಬಿಟ್ಟಿದ್ದೆ. ಅತ್ತೆ ಕಣ್ಣಲ್ಲೇ ಗದರಿಸಿ ಕೂರಿಸಿದರು. ಅಕ್ಕ ಒಳಗೆ ಹೋದರು. ಹಾಲಲ್ಲು ಬೀಳಲಿ, ಹಾಲಲ್ಲು ಬೀಳಲಿ ಎಂದುಕೊಂಡು ಒಲೆಗೆ ಸೌದೆ ದೂಡಿದೆ. ತಲೆ ಬಾಚುವಾಗ, ಊಟ ಮಾಡಿಸುವಾಗ ಅವಳ ಬಾಯಿಯನ್ನೇ ನೋಡುವುದು ನನಗೆ ಅಭ್ಯಾಸವಾಗಿ ಹೋಯಿತು.

ಹಲ್ಲು ಬೀಳುವ ಮೊದಲೇ ಅತ್ತೆ ತೀರಿಕೊಂಡರು. ಅಣ್ಣತಮ್ಮಂದಿರು ಜಗಳವಿಲ್ಲದೆ ಬೇರೆಯಾದರು. ಹಳೆಯ ಎಡತೊರೆಗೆ ಹೊಳೆ ನುಗ್ಗಿದ ಮೇಲೆ ಕಟ್ಟಿದ ಕೃಷ್ಣರಾಜನಗರದ ಹತ್ತಿರ ಭಾವನವರಿಗೆ ನಾಲೆಯ ಕೆಳಗೆ ಗದ್ದೆ ಸಿಕ್ಕಿತ್ತು, ಅಲ್ಲಿಗೇ ಹೊರಟರು. ಸಾಮಾನೆಲ್ಲ ಗಾಡಿಗೆ ಏರುತ್ತಿದ್ದ ದಿನ ಮಗಳು ಓಡಿ ಬಂದು ಅಂಗೈ ಬಿಚ್ಚಿದಳು. ಅಕ್ಕಿಕಾಳಿನಷ್ಟು ಹಲ್ಲು.

ನಾನು ಒಳಗೆ ಓಡಿದೆ. ಮೊರ ತಂದೆ, ಅದರಲ್ಲಿ ಒಂದು ಹಿಡಿ ತೌಡು ಹಾಕಿದೆ, ಹಿತ್ತಿಲ ಹೊಸ್ತಿಲಿನ ಹೊರಗೆ ಅಕ್ಕನ ಮುಂದೆ ಇಟ್ಟೆ. ಅಕ್ಕ ಅದನ್ನು ನೋಡಿದರು.

“ಅತ್ತೆ ಅಂದಿದ್ದು ನಂಗೂ ಗ್ಯಾಪ್ಕ ಅದೆ ಕಣವ್ವ. ಕರಿ. ಬಂದ್ರೆ ಇಟ್ಕೊ. ನಾನು ಅಡ್ಡ ಬರಾಕಿಲ್ಲ,” ಎಂದು ಗೋಡೆಯ ಕಡೆ ತಿರುಗಿಕೊಂಡರು.

ನಾನು ಮಗಳನ್ನು ಹತ್ತಿರ ಕರೆದೆ. “ಇಲ್ಲಿ ಕೂತ್ಕೊ ಮಗಳೇ. ಈ ತೌಡು ನಿಮ್ಮವ್ವಂಗೆ ಕೊಟ್ಟು ನಿನ್ನ ನಾನು ಇಸ್ಕೋತೀನಿ.”

ಅವಳು ಮೊರವನ್ನು ನೋಡಿದಳು, ನನ್ನನ್ನು ನೋಡಿದಳು. ಹಲ್ಲಿಲ್ಲದ ಸಂದಿಯಲ್ಲಿ ನಾಲಗೆ ತೂರಿಸಿ ಕಿಲಕಿಲ ನಕ್ಕುಬಿಟ್ಟಳು.

“ಅಯ್ಯೋ ಚಿಕ್ಕವ್ವ! ತೌಡ ಎಮ್ಮೆಗಲ್ವಾ ಹಾಕಾದು? ನಮ್ಮವ್ವ ತಿಂತಾಳಾ?”

ಆಮೇಲೆ ಅಕ್ಕನ ಸೆರಗು ಹಿಡಿದು ಎಳೆಯತೊಡಗಿದಳು. “ಅವ್ವಾ, ಬಾ ಮತ್ತೆ! ಗಾಡಿ ಕಟ್ಟವ್ರೆ. ನಾನು ಮುಂದ್ಕೆ ಕೂತ್ಕತೀನಿ.”

ಅಕ್ಕ ಹೆಜ್ಜೆ ಕೀಳಲಿಲ್ಲ. “ನೀನೇ ಯೋಳವ್ವ, ಏನ್ಮಾಡಾನ?” ಎಂದು ನನ್ನನ್ನು ಕೇಳಿದರು. ಅವರ ಕೆನ್ನೆ ಒದ್ದೆಯಾಗಿತ್ತು. ಆ ಹೊತ್ತಿನಲ್ಲಿ ನಾನು ಕೈ ಹಿಡಿದು ಎಳೆದಿದ್ದರೆ ಮಗು ನನ್ನ ಮನೆಯಲ್ಲಿ ಉಳಿಯುತ್ತಿತ್ತು. ಅವಳ ಆ ಪುಟ್ಟ ಮುಷ್ಟಿಯಿಂದ ಸೆರಗನ್ನು ನಾನು ಬಿಡಿಸಬೇಕಿತ್ತು, ಅಷ್ಟೆ.

“ಹೋಗಿ ಬನ್ನಿ ಅಕ್ಕ, ಬಿಸಿಲೇರುತ್ತೆ,” ಎಂದೆ.

ಗಾಡಿ ತೋಪು ದಾಟುವ ತನಕ ಕೊರಳ ಗಂಟೆ ಕೇಳುತ್ತಿತ್ತು. ಒಳಗೆ ಬಂದು ಮೊರದಲ್ಲಿದ್ದ ತೌಡನ್ನು ಕಲಗಚ್ಚಿಗೆ ಕಲಸಿ ಎಮ್ಮೆಯ ಮುಂದಿಟ್ಟೆ. ಅದು ಸೊರ್ರನೆ ಕುಡಿದು ತಲೆ ಎತ್ತಿತು.

ಮಧ್ಯಾಹ್ನ ಊಟಕ್ಕೆ ಕೂತ ನಮ್ಮವರು ಒಂದು ತುತ್ತು ಬಾಯಿಗಿಟ್ಟು, “ಸಾರಿಗೆ ಉಪ್ಪೇ ಹಾಕಿಲ್ಲ ಕಣೇ,” ಎಂದರು. ಮರಿಗೆ ತಂದು ಅವರ ಎಲೆಯ ಪಕ್ಕ ನೆಲದ ಮೇಲಿಟ್ಟು ಕೈ ತೆಗೆದೆ. ಅವರು ಚಿಟಿಕೆ ಉಪ್ಪು ತೆಗೆದು ಸಾರಿಗೆ ಉದುರಿಸಿ, ಬೆರಳಿನಿಂದ ಕದಡುತ್ತಾ ಕೂತರು. ಹರಳುಗಳು ಕರಗಿ ಕಾಣದಾದವು.

ಊರಿನವರಿಗೆ ನಾನು ಅದೇ ಚಿಕ್ಕ ಸೊಸೆ, ಅದೇ ಹೆಸರು. ಆದರೆ ಅಂದಿನಿಂದ, ಅವರು ಹೋದ ಮೂಡಗಡೆಯಿಂದ ಯಾವ ಗಾಡಿಯ ಗಂಟೆ ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬರುತ್ತೇನೆ. ಒಮ್ಮೊಮ್ಮೆ ಅದು ಅವರದೇ ಗಾಡಿಯಾಗಿರುತ್ತದೆ. ನನ್ನ ಮಗಳಿಗೆ ಈಗ ಎಲ್ಲ ಗೊತ್ತು. ಅವಳ ಮದುವೆಗೆ ಮುಂಚೆ ಅಕ್ಕನೇ ಕೂರಿಸಿಕೊಂಡು ಹೇಳಿದರಂತೆ. ಗಾಡಿಯಿಂದ ಇಳಿಯುತ್ತಲೇ ಅವಳು “ಚಿಕ್ಕವ್ವಾ” ಎಂದು ಕೂಗುತ್ತಾಳೆ. ನಾನು ಓಗೊಡುತ್ತೇನೆ.