ಫೈರ್‌ಪ್ಲೇಸ್ ಅಲ್ಲ, ಒಲೆ

“ಅಮ್ಮಾವ್ರೇ, ಇದು ಫೈರ್‌ಪ್ಲೇಸ್ ಅಲ್ಲ. ನಮ್ಮವ್ವನ ಒಲೆ. ಈ ಮೂಲೆ ಮುರಿದದ್ದು ನಾನೇ. ಅವತ್ತು ತಿಂದ ಪೆಟ್ಟು ಇನ್ನೂ ನೆನಪುಂಟು.”

ನಮ್ಮ ಕಾಟೇಜಿಗೆ ಬಂದ ಗೆಸ್ಟ್ ಹೀಗೆಂದಾಗ ನಾನು ಕಾಫಿ ಟ್ರೇ ಹಿಡಿದು ಬಾಗಿಲಲ್ಲೇ ನಿಂತೆ. ಕಾಫಿ ತೋಟವೆಲ್ಲ ಹೂಬಿಟ್ಟು, ಆ ಬೆಳಗು ಕಿಟಕಿಯಾಚೆ ಬೆಳ್ಳಗೆ ತೇಲುತ್ತಿತ್ತು. ಅದರೊಳಗಿಂದಲೇ ಎಂಬಂತೆ, ಆ ನಡುವಯಸ್ಸಿನ ಮುಖದಲ್ಲಿ ತೋಟದ ಆಳುಗಳನ್ನು ನೋಡಿಕೊಳ್ಳುತ್ತಿದ್ದ ನಮ್ಮ ಹಳೆಯ ಮೇಸ್ತ್ರಿಯ ಪುಟ್ಟ ಮಗಳು ಸರೋಜ ಕಾಣಿಸಿಕೊಂಡಳು. ಈ ಕಾಟೇಜ್ ಒಂದು ಕಾಲಕ್ಕೆ ಅವರ ಮನೆ.

ನಾನೇ ಕಲಿತು ಮಾಡಿದ ವೆಬ್‌ಸೈಟ್ ಸ್ವಲ್ಪ ಸ್ಮಾರ್ಟ್ ಆಗಿ ಕಾಣಲೆಂದು, ಒಲೆಯ ಮಸಿ ತೊಳೆಸಿ, ಕ್ಯಾಂಡಲ್ ಇಟ್ಟು ಹೊಸ ಫೋಟೋ ತೆಗೆದು, ಕೆಳಗೆ ‘ವಿಂಟೇಜ್ ಫೈರ್‌ಪ್ಲೇಸ್’ ಎಂದು ಬರೆದಿದ್ದೆ. ಫೋಟೋದಲ್ಲಿ ಆ ಮುರಿದ ಮೂಲೆಯನ್ನು ಕಂಡೇ ಸರೋಜ ಬುಕ್ ಮಾಡಿದ್ದಳಂತೆ.

“ಸಾರಿ ಸರೋಜ, ಇವತ್ತೇ ಬದಲಿಸ್ತೇನೆ. ನಿನ್ನ ಅವ್ವನ ಹೆಸರೇನು?” ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, “ದೇವಕಿ” ಎಂದಳು.

ಈಗ ಆ ಫೋಟೋದ ಕೆಳಗೆ ‘ದೇವಕಿಯ ಒಲೆ’ ಎಂದಿದೆ. ದೇವಕಿ ಯಾರು ಎಂದು ಗೆಸ್ಟ್‌ಗಳು ಕೇಳುತ್ತಾರೆ. ಹದಿನೆಂಟು ವರ್ಷ ದಿನವೂ ಮಾತನಾಡಿಸಿದರೂ, ನಾನು ಅವಳನ್ನು ‘ಮೇಸ್ತ್ರಿ ಹೆಂಡತಿ’ ಎಂದೇ ಕರೆದಿದ್ದೆ.