ಕೊಟ್ಟಿಗೆಯಲ್ಲಿದ್ದ ಬೈಕಿಗೆ ಬಂದ ದಂಡ

"ಒಂದ್ಸಲ ಆ ಫೋಟೋ ತೆಗ್ದು ತೋರ್ಸಪ್ಪ" ಎಂದು ಅತ್ತಿಗೆ ಮೊಬೈಲನ್ನು ನನ್ನ ಕೈಗಿಟ್ಟರು. ತೀರಿಕೊಂಡ ಅಣ್ಣನ ನಂಬರನ್ನು ಈಗ ಅವರೇ ಬಳಸುತ್ತಾರೆ. ಅಣ್ಣನ ಬೈಕು ಮಂಡ್ಯದಲ್ಲಿ ಸಿಗ್ನಲ್ ಹಾರಿದೆ, ದಂಡ ಕಟ್ಟಬೇಕು, ಫೋಟೋ ನೋಡಲು ಲಿಂಕ್ ಒತ್ತಿ ಎಂಬ ಸಂದೇಶ ಬಂದಿತ್ತು. ಗಾಡಿ ನಂಬರ್ ಸರಿಯಾಗಿಯೇ ಇತ್ತು. ಆದರೆ ಅಣ್ಣ ಹೋದಾಗಿನಿಂದ ಆ ಬೈಕು ಕೊತ್ತತ್ತಿಯ ನಮ್ಮ ಕೊಟ್ಟಿಗೆ ಬಿಟ್ಟು ಕದಲಿಲ್ಲ.

ಸಂದೇಶ ಬಂದದ್ದು ಯಾರದೋ ಖಾಸಗಿ ಮೊಬೈಲ್ ನಂಬರಿನಿಂದ. ಲಿಂಕ್ ಒತ್ತಿದ್ದರೆ ಕಳ್ಳ ಆ್ಯಪ್ ಇಳಿದು ಬ್ಯಾಂಕ್ ಖಾತೆಯೇ ಬರಿದಾಗಬಹುದಿತ್ತು. ಒತ್ತದೆ ಠಾಣೆಗೆ ಹೋಗಿ ವಿಚಾರಿಸಿದೆ. ಗಾಡಿಯ ಮೇಲೆ ಯಾವ ದಂಡವೂ ಇರಲಿಲ್ಲ. ಅಲ್ಲೇ ಸಂದೇಶ ಅಳಿಸಿ, ಆ ನಂಬರನ್ನು ಬ್ಲಾಕ್ ಮಾಡಿದೆ.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. "ಗಾಡಿ ಇಲ್ಲೇ ಐತೆ ಅಂತ ನಂಗೂ ಗೊತ್ತು ಕಣಪ್ಪ. ನಿಮ್ಮಣ್ಣ ಓಡಿಸ್ತಿದ್ದಾಗ ಯಾವಾಗ್ಲೋ ತೆಗ್ದಿರೋ ಹಳೇ ಫೋಟೋ ಇರ್ಬೋದೇನೋ ಅಂದ್ಕಂಡೆ" ಎಂದರು.

ದಂಡದ ಹೆದರಿಕೆಗೆ ಮಾತ್ರ ಜನ ಇಂಥ ಲಿಂಕ್ ಒತ್ತುತ್ತಾರೆ ಎಂದುಕೊಂಡಿದ್ದೆ. ಅತ್ತಿಗೆಗೆ ದಂಡದ ಚಿಂತೆಯೇ ಇರಲಿಲ್ಲ.