ನೀರಾವರಿ ಮಂತ್ರಿಯ ಪೂರ್ಣ ಅಂಕ

2023ರಲ್ಲಿ ನಾನು ಚನ್ನಗಿರಿ ತಾಲ್ಲೂಕಿನಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿದ್ದೆ. ಎಲ್ಲರೂ ಸಿ.ಆರ್.ಪಿ. ಎನ್ನುವ ಈ ಹುದ್ದೆಯಲ್ಲಿರುವವರು ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠ, ಪರೀಕ್ಷೆ ಹೇಗೆ ನಡೆಯುತ್ತಿವೆ ಎಂದು ನೋಡಬೇಕು, ಶಿಕ್ಷಕರಿಗೆ ನೆರವಾಗಬೇಕು. ಅದಕ್ಕೆ ಮೊದಲು ಹೊನ್ನಾಳಿ ಕಡೆ ಆರು ವರ್ಷ ವಿಜ್ಞಾನ ಹೇಳಿಕೊಟ್ಟಿದ್ದೆ.

ಆ ದಿನ ಸಂತೇಬೆನ್ನೂರು ದಾಟಿ ಒಳಗಿರುವ ಒಂದು ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಕಿರುಪರೀಕ್ಷೆ ಮುಗಿದಿತ್ತು. ಪ್ರತಿ ಪಾಠಕ್ಕೂ ಒಂದು ಕಲಿಕಾ ಫಲ ಇರುತ್ತದೆ. ಪಾಠ ಮುಗಿದಾಗ ಮಗುವಿಗೆ ಏನು ಮಾಡಲು ಬರಬೇಕು ಎಂದು ಹೇಳುವ ಒಂದು ವಾಕ್ಯ ಅದು. ವಿದ್ಯುತ್ ಪಾಠಕ್ಕೆ ಇದ್ದದ್ದು, ಉಪಕರಣಗಳನ್ನು ಸುರಕ್ಷಿತವಾಗಿ ಬಳಸುತ್ತಾರೆ ಎಂದು. ಪರೀಕ್ಷೆಯಲ್ಲಿ ಕೇಳಿದ್ದು ಬಿಟ್ಟಸ್ಥಳ: ಡ್ಯಾಶ್ ಕೈಯಿಂದ ಸ್ವಿಚ್ ಮುಟ್ಟಬಾರದು. ಇಡೀ ತರಗತಿ ‘ಒದ್ದೆ’ ಎಂದು ಬರೆದಿತ್ತು. ಪಾಠವೂ ಹಾಗೆಯೇ ನಡೆದಿತ್ತು. ಬೋರ್ಡಿನ ಮೇಲೆ ಬರೆದದ್ದನ್ನು ಮಕ್ಕಳು ಇಳಿಸಿಕೊಂಡಿದ್ದರು, ಅಷ್ಟೆ.

ಮುಖ್ಯಶಿಕ್ಷಕ ಹಾಲಪ್ಪನವರೇ ವಿಜ್ಞಾನ ತೆಗೆದುಕೊಳ್ಳುತ್ತಿದ್ದರು. "ಸರ್, ಮಕ್ಕಳಿಗೆ ಬಳಸೋಕೆ ಬರಬೇಕು ಅಂತ ಇದೆ. ನೀವು ಒಂದು ಪದ ಕೇಳಿ ಬಿಟ್ಟಿದೀರಿ" ಎಂದೆ.

"ಬಳಸಾಕೆ ಎಲ್ಲಿಂದ ತರ್ಲಿ ಮೇಡಂ? ಇರೋ ಒಂದು ಬಲ್ಬು ಬಿಚ್ಚಿ ಕೊಟ್ರೆ ನನ್ನ ರೂಮೇ ಕತ್ಲು" ಎಂದು ನಕ್ಕರು. "ನೇತ್ರಾವತಿ ನೋಡ್ರಿ, ಒಂದು ಅಂಕ ಬಿಟ್ಟಿಲ್ಲ. ಅದಕ್ಕೇ ನೀರಾವರಿ ಖಾತೆ ಕೊಟ್ಟೀನಿ."

ಶಾಲಾ ಸಂಸತ್ತಿನ ಮಂತ್ರಿಗಳನ್ನು ಬೇರೆ ಕಡೆ ಮಕ್ಕಳೇ ಮತ ಹಾಕಿ ಆರಿಸುತ್ತಾರೆ. ಇಲ್ಲಿ ಹಾಲಪ್ಪನವರದೇ ಒಂದು ಪದ್ಧತಿ. ಯಾವ ಪಾಠದಲ್ಲಿ ಹೆಚ್ಚು ಅಂಕವೋ ಅದಕ್ಕೆ ಹೊಂದುವ ಖಾತೆ. ವಿದ್ಯುತ್ ಪಾಠದಲ್ಲಿ ಮೊದಲು ಬಂದವರಿಗೆ ಬೋರ್‌ವೆಲ್ ಮೋಟರಿನ ಸ್ವಿಚ್. ಅಂಕಕ್ಕೆ ಬೆಲೆ ಬರಬೇಕು ಎನ್ನುವುದು ಅವರ ಆಸೆ.

ಬಿಸಿಯೂಟ ಮುಗಿಯುತ್ತಿತ್ತು. ಅಡುಗೆಯ ಗೌರಕ್ಕ ಹೊರಗೆ ಕೂಗಿದಳು: "ಮಂತ್ರಿಗಳು ಎಲ್ಲಿ ಹೋದ್ರವ್ವ? ನಲ್ಲಿಯಾಗೆ ನೀರಿಲ್ಲ, ನಿಮ್ಮ ಸರ್ಕಾರ ಬಿದ್ದು ಹೋಗ್ತೈತೆ." ಮಕ್ಕಳು ನಕ್ಕರು. ತಟ್ಟೆ ತೊಳೆಯುತ್ತಿದ್ದ ನೇತ್ರಾವತಿ ಹಾಗೇ ಎದ್ದು ಓಡಿದಳು. ಹೊರಗೋಡೆಯ ಮೇಲಿದ್ದ ಮೋಟರ್ ಸ್ವಿಚ್ಚಿನ ಮುಚ್ಚಳ ಒಡೆದಿತ್ತು. ಅವಳ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ನೋಡಿದ್ದು ಏನೆಂದು ತಿಳಿಯುವಷ್ಟರಲ್ಲಿ ಅವಳು ಗೋಡೆಗೆ ಅಂಟಿಕೊಂಡಿದ್ದಳು. ಕೂಗಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ನಾನು ಓಡಿದೆ. ಆ ಓಟ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ. ಕರೆಂಟು ಹಿಡಿದವರನ್ನು ಮುಟ್ಟಬಾರದು ಎಂದು ಆರು ವರ್ಷ ಪಾಠ ಹೇಳಿದವಳು ಅವಳ ಭುಜಕ್ಕೆ ಕೈ ಚಾಚಿದ್ದೆ. ಗೇಣಿನಷ್ಟು ದೂರ ಉಳಿದಿತ್ತು.

"ಮುಟ್ಟಬ್ಯಾಡ್ರಿ ಮೇಡಂ!" ಹಿಂದಿನಿಂದ ಹಾಲಪ್ಪನವರ ದನಿ. ತಮ್ಮ ಕೋಣೆಯ ಮೇನ್ ಸ್ವಿಚ್ ಎಳೆದಿದ್ದರು. ನೇತ್ರಾವತಿ ನನ್ನ ಕಾಲ ಬಳಿ ಬಿದ್ದಳು.

ಉಸಿರಾಡುತ್ತಿದ್ದಳು. ಚನ್ನಗಿರಿಗೆ, ಅಲ್ಲಿಂದ ದಾವಣಗೆರೆಗೆ ಕರೆದೊಯ್ದರು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಸುಟ್ಟು, ಮಡಚಿಕೊಂಡೇ ಉಳಿದವು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಕೇಳಬಾರದ್ದನ್ನು ಕೇಳಿಬಿಟ್ಟೆ: "ಒದ್ದೆ ಕೈಲಿ ಮುಟ್ಟಬಾರದು ಅಂತ ಗೊತ್ತಿತ್ತಲ್ಲಮ್ಮ?"

"ಗೊತ್ತಿತ್ತು ಮಿಸ್" ಎಂದಳು. ಸ್ವಲ್ಪ ಯೋಚಿಸಿ, "ಅದು ಪರೀಕ್ಷೆಗೆ ಬರೆಯಾದು ಅಲ್ವಾ?" ಎಂದಳು.

ಅದಾದ ಮೇಲೆ ನಾನೊಂದು ಪರೀಕ್ಷೆ ರೂಪಿಸಿದೆ. ತಂತಿ ಬಿಚ್ಚಿದ ಹಳೇ ಸ್ವಿಚ್‌ಬೋರ್ಡು, ಪಕ್ಕದಲ್ಲಿ ಬಕೆಟ್ಟು, ಮೊಳೆಗೆ ಟವೆಲ್ಲು. ಮಗು ಕೈ ತೊಳೆದು ಬಂದು ಸ್ವಿಚ್ ಹಾಕಬೇಕು; ನಡುವೆ ಟವೆಲ್ಲಿಗೆ ಕೈ ಒರೆಸುತ್ತದೆಯೇ ಎಂದು ನೋಡುವುದು. ಹೇಳಿಕೊಡುವುದೂ ಹೀಗೆಯೇ, ಅಳೆಯುವುದೂ ಹೀಗೆಯೇ. ನ್ಯಾಮತಿಯಲ್ಲಿ ನಡೆದ ಒಂದು ತರಬೇತಿಯಲ್ಲಿ ಅದನ್ನು ಮಾಡಿ ತೋರಿಸಿದೆ. ಶಿಕ್ಷಕರು ಆಸಕ್ತಿಯಿಂದಲೇ ನೋಡಿದರು. ಕೊನೆಗೆ ಹಿರಿಯರೊಬ್ಬರು, "ಚೆನ್ನಾಗೈತೆ ಮೇಡಂ. ಆದ್ರೆ ಪ್ರಶ್ನೆಪತ್ರಿಕೆ ಮೇಲಿಂದ ಬರ್ತೈತೆ. ಟವೆಲ್ಲಿಗೆ ಯಾವ ಕಾಲಂನಾಗೆ ಅಂಕ ತುಂಬೋದು?" ಎಂದರು. ಯಾರೂ ನಗಲಿಲ್ಲ. ಊಟದ ಗಂಟೆ ಹೊಡೆಯಿತು.

ಈಗ ಜಗಳೂರಿನಲ್ಲಿದ್ದೇನೆ. ಯಾವ ಶಾಲೆಗೆ ಹೋದರೂ ಮೊದಲು ಕಣ್ಣು ಹೋಗುವುದು ನಲ್ಲಿಗೆ, ಆಮೇಲೆ ಸ್ವಿಚ್ಚಿಗೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಕೇಳಿದ್ದಕ್ಕಿಂತ ಹೆಚ್ಚಿನದನ್ನು ಅಂಕ ಹೇಳುವುದಿಲ್ಲ. ನಾವು ಮಾತ್ರ ಅದು ಹೇಳದ್ದನ್ನೂ ನಂಬಿ ಮಗುವನ್ನು ಗೋಡೆಯ ಬಳಿಗೆ ಕಳಿಸುತ್ತೇವೆ. ಇದನ್ನು ತಿಳಿದುಕೊಂಡೂ ನನ್ನಿಂದ ಏನನ್ನೂ ಬದಲಿಸಲಾಗಲಿಲ್ಲ.

ಆ ವರ್ಷದ ಕೊನೆಯ ಪರೀಕ್ಷೆಯಲ್ಲೂ ಅದೇ ಬಿಟ್ಟಸ್ಥಳ ಬಂದಿತ್ತು. ನೇತ್ರಾವತಿಯ ಉತ್ತರಪತ್ರಿಕೆ ಪರಿಶೀಲನೆಗೆಂದು ನನ್ನ ಕೈಗೆ ಬಂತು. ಎಡಗೈಯಲ್ಲಿ ಬರೆಯಲು ಆಗಷ್ಟೇ ಕಲಿತ ಸೊಟ್ಟ ಅಕ್ಷರಗಳಲ್ಲಿ ‘ಒದ್ದೆ’ ಎಂದಿತ್ತು. ಹಾಲಪ್ಪನವರು ಪೂರ್ಣ ಅಂಕ ಕೊಟ್ಟಿದ್ದರು. ಉತ್ತರ ಸರಿಯಾಗಿತ್ತು. ಕೆಳಗೆ ಪರಿಶೀಲಿಸಿದವರ ಸಹಿ ಬೇಕಿತ್ತು. ಹಾಕಿದೆ.